ಬೋಂಡನ ಪಾಲಿನ ಬೆಳ್ಳುಳ್ಳಿ

ಮುನಿರಾಜಪ್ಪನಿಗೆ ಬೆಳ್ಳುಳ್ಳಿ ಕಂಡರಾಗದು. ಸಾರಿನ ಒಗ್ಗರಣೆಯಲ್ಲಿ ಒಂದೆರಡು ಎಸಳು ಬಿದ್ದಿದ್ದರೆ ಹೇಗೋ ತಟ್ಟೆಯ ಅಂಚಿಗೆ ಸರಿಸಿ ಊಟ ಮುಗಿಸಿಯಾನು. ಆದರೆ ಇಡೀ ಗಡ್ಡೆಯನ್ನು ಉರಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ತುಪ್ಪದಲ್ಲಿ ಹೊರಳಿಸಿ, ಮೇಲೆ ಚೂರು ಬೆಲ್ಲ ಉದುರಿಸಿ, ಬೆಳಗೆದ್ದು ಖಾಲಿ ಹೊಟ್ಟೆಗೆ ತಿನ್ನು ಎಂದರೆ? ಹೆಂಡತಿ ಗೋವಿಂದಮ್ಮ ಹಾಗೇ ಅಂದಳು. ಅಂದು ಬಟ್ಟಲನ್ನು ಕೈಗೆ ಕೊಟ್ಟೂಬಿಟ್ಟಳು.

"ಏನೇ ಇದು?"

"ಔಷಧಿ."

"ಡಾಕ್ಟ್ರು ಮಾತ್ರೆ ಕೊಟ್ಟವ್ರಲ್ಲ?"

"ಅವ್ರು ಮಾತ್ರೆ ಕೊಡ್ತಾರೆ, ನಾನು ಇದನ್ನ ಕೊಡ್ತೀನಿ. ಕೊಬ್ಬು ಕರಗುತ್ತೆ. ಸುಮ್ನೆ ತಿನ್ನಿ."

ಆಗಿದ್ದಿಷ್ಟು. ದಸರೆ ಕಳೆದ ಹೊಸತರಲ್ಲಿ, ರಾಮಮೂರ್ತಿ ನಗರದ ತಮ್ಮ ಮನೆಯ ತಾರಸಿಗೆ ಹತ್ತುವಾಗ ಮುನಿರಾಜಪ್ಪನಿಗೆ ಎದೆ ಹಿಡಿದಂತಾಗಿತ್ತು. ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಆಯುಷ್ಯವೆಲ್ಲ ನಿಂತೇ ದುಡಿದವನು, ರಿಟೈರ್ ಆದಮೇಲೆ ಕೂತದ್ದು ಕೂತೇ ಇದ್ದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಜಾಸ್ತಿ ಇದೆ, ರಾತ್ರಿಗೊಂದು ಮಾತ್ರೆ ನುಂಗಿ, ಬೆಳಿಗ್ಗೆ ಸಂಜೆ ನಡೀರಿ ಅಂದರು. ಅಷ್ಟಕ್ಕೇ ಗೋವಿಂದಮ್ಮನ ಜೀವ ಹಾರಿಹೋಯಿತು. ಹೊಸಕೋಟೆ ಕಡೆಯ ಅವಳ ಅಣ್ಣ ಹಿಂದಿನ ವರ್ಷ ಹೀಗೇ ಎದೆ ಹಿಡಿದುಕೊಂಡು ಕೊಟ್ಟಿಗೆಯ ಮುಂದೆ ಕುಸಿದವನು ಮತ್ತೆ ಏಳಲಿಲ್ಲ. ಆ ಭಯವನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ಬೆಳ್ಳುಳ್ಳಿ ಸುಡಲು ಶುರು ಮಾಡಿದಳು, ಅಷ್ಟೆ.

ಬೇಡ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ಮದುವೆಯಾದ ಹೊಸದರಲ್ಲಿ ಒಮ್ಮೆ ನೆಂಟರೆದುರು ಬಸ್ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂದುಬಿಟ್ಟಿದ್ದ. ಆಮೇಲೆ ಎಷ್ಟೋ ದಿನ ಗೋವಿಂದಮ್ಮ ಅವನ ಹತ್ತಿರ ಹೇಳುವುದನ್ನೆಲ್ಲ ಗೋಡೆಗೆ ಹೇಳಿದ್ದಳು. "ಗೋಡೇ, ಊಟಕ್ಕೆ ಬರಬೇಕಂತೆ." "ಗೋಡೇ, ಸೀಮೆಎಣ್ಣೆ ಮುಗಿದೈತಂತೆ." ಅಂದಿನಿಂದ ತಟ್ಟೆಗೆ ಬಿದ್ದದ್ದನ್ನು ಹೊಗಳಿ ತಿನ್ನುವುದು ಮುನಿರಾಜಪ್ಪನಿಗೆ ರೂಢಿಯಾಗಿತ್ತು.

ಅವನು ಬಟ್ಟಲು ಹಿಡಿದು ಹಿತ್ತಲಿನ ಕಟ್ಟೆಯ ಮೇಲೆ ಕೂತ. ಮೂಗಿನ ಹತ್ತಿರ ತಂದ. ಮುಖ ಆಚೆ ತಿರುಗಿಸಿದ. ಅಷ್ಟರಲ್ಲಿ ಬೋಂಡ ಬಂದು ಎದುರಿಗೆ ಕೂತಿತು.

ಬೋಂಡ ಅಂದರೆ ಮನೆಯ ನಾಯಿ. ಸೊಸೆ ಪೂಜಿತಾ ರೈಲ್ವೆ ಹಳಿಯ ಹತ್ತಿರ ಸಿಕ್ಕಿದ ಮರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ತಂದಿದ್ದಳು. ಕಂದು ಬಣ್ಣ, ಗುಂಡು ಮೈ, ಎಣ್ಣೆಯಿಂದ ಆಗತಾನೆ ಎತ್ತಿದ ಹಾಗೆ ಮಿರಮಿರ. ಎಷ್ಟು ತಿಂದರೂ ಮೊಳಕಾಲೆತ್ತರಕ್ಕಿಂತ ಬೆಳೆಯಲಿಲ್ಲ. ತಂದವಳು ಪೂಜಿತಾ, ಆದರೆ ಇಡೀ ದಿನ ಅದು ಅಂಟಿಕೊಂಡಿರುತ್ತಿದ್ದುದು ಮುನಿರಾಜಪ್ಪನಿಗೆ. ಅವನು ನಡೆಯಲು ಹೋದರೆ ಅದೂ ಹೋಗಬೇಕು, ಅವನು ಪೇಪರು ಬಿಡಿಸಿದರೆ ಅದರ ಮೇಲೇ ಮಲಗಬೇಕು.

ತುಪ್ಪದ ಎಸಳೊಂದನ್ನು ನೆಲಕ್ಕೆ ಬಿಟ್ಟ. ಬೋಂಡ ಗುಳುಂ ಅನಿಸಿತು. ಇನ್ನೊಂದು. ಗುಳುಂ. ಬಟ್ಟಲನ್ನೇ ಇಟ್ಟ. ನೆಕ್ಕಿದ ಹೊಡೆತಕ್ಕೆ ತೊಳೆಯುವ ಕೆಲಸವೂ ಉಳಿಯಿತು.

"ತಿಂದ್ರಾ?" ಒಳಗಿಂದ ಗೋವಿಂದಮ್ಮ ಕೂಗಿದಳು.

"ಹೂಂ. ಬಟ್ಲು ನೋಡು, ಒಂದು ಹನಿ ತುಪ್ಪ ಬಿಟ್ಟಿಲ್ಲ."

ಅದು ದಿನಚರಿಯಾಯಿತು. ಅವಳಿಗೂ ಖುಷಿ, ಅವನಿಗೂ ಖುಷಿ, ಬೋಂಡನಿಗಂತೂ ಹೇಳುವುದೇ ಬೇಡ.

ಸಂಕ್ರಾಂತಿಯ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟ್ರಾಲ್ ಇಳಿದಿತ್ತು. ಡಾಕ್ಟರು ಮಾತ್ರೆಯೂ ನಡಿಗೆಯೂ ಕೆಲಸ ಮಾಡಿವೆ, ಹೀಗೇ ಮುಂದುವರಿಸಿ ಅಂದರು. ಗೋವಿಂದಮ್ಮ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಆಟೋದಿಂದ ಇಳಿದವಳೇ ಎದುರುಮನೆಯ ಬದ್ರುನ್ನೀಸಾಳನ್ನು ಗೇಟಿನ ಹತ್ತಿರ ಕರೆದಳು.

"ನೋಡ್ರಿ, ನಮ್ಮ ಮನೆಯವ್ರದ್ದು ಎಲ್ಲಾ ನಾರ್ಮಲ್ಲು. ಬೆಳ್ಳುಳ್ಳಿ ಕಣ್ರೀ! ನಾನು ಕೈಯಾರೆ ಸುಟ್ಟು ಕೊಟ್ಟಿದ್ದು."

"ಹೌದಾ? ನಮ್ಮ ಯಜಮಾನ್ರು ಶೌಕತ್ ಸಾಬಿಗೂ ಕೊಬ್ಬು ಜಾಸ್ತಿ ಅಂದಾರೆ ಅಮ್ಮಾ. ಹೆಂಗೆ ಮಾಡೋದು ಹೇಳಿ ನಂಗೂ."

ಗೋವಿಂದಮ್ಮ ಹೇಳಿಕೊಟ್ಟಳು. ವಾರದೊಳಗೆ ಆ ಬೀದಿಯ ಅರ್ಧ ಮನೆಗಳಲ್ಲಿ ಬೆಳಗಾದರೆ ಬೆಳ್ಳುಳ್ಳಿ ಸುಡುವ ವಾಸನೆ. ಹೆಂಗಸರು ಅವಳನ್ನು ತಡೆದು ನಿಲ್ಲಿಸಿ ಕೇಳುವವರು, ಇವಳು ನಿಂತು ಹೇಳುವವಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ಮುನಿರಾಜಪ್ಪ ಮಗನ ಮದುವೆಯಾದ ಮೇಲೆ ಕಂಡಿರಲಿಲ್ಲ. ಈ ಹುಮ್ಮಸ್ಸಿನಲ್ಲಿ ಅವಳು ಒಂದು ಗಡ್ಡೆಯನ್ನು ಎರಡು ಮಾಡಿದಳು.

"ಒಂದಕ್ಕೇ ಇಷ್ಟು ಇಳಿದಿದ್ರೆ, ಎರಡಕ್ಕೆ ಇನ್ನೆಷ್ಟು ಇಳಿಬೇಕು!" ಅಂದಳು.

ಬೋಂಡನಿಗೂ ಎರಡಾಯಿತು.

ನಾಯಿ ಸೊರಗಲು ಶುರುವಾದದ್ದು ಆಮೇಲೆ. ಮೊದಲು ಊಟ ಬಿಟ್ಟಿತು. ಆಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಕಕ್ಕಿತು. ಕಕ್ಕಿದ್ದರಲ್ಲಿ ಹಸಿರು ಹಸಿರಾಗಿ ಏನೋ ಎಲೆಯ ಚೂರು ಇತ್ತು. ಹೊಟ್ಟೆ ಕೆಟ್ಟ ನಾಯಿ ಹುಲ್ಲು ಮೇಯುವುದು ಇದ್ದದ್ದೇ, ಆದರೆ ಗೋವಿಂದಮ್ಮನ ಕಣ್ಣು ನೆಟ್ಟಗೆ ಹೋದದ್ದು ಸೊಸೆಯ ಕುಂಡಗಳ ಕಡೆಗೆ.

ಪೂಜಿತಾ ಸುಮ್ಮನೆ ಶೋಕಿಗೆ ಗಿಡ ಬೆಳೆಸುವವಳಲ್ಲ. ವರಾಂಡದ ತುಂಬ ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು, ಪಟ್ಟೆಪಟ್ಟೆ ಎಲೆಯ ಡಂಬ್‌ಕೇನು. ನೆರಳಲ್ಲಿ ಮರಿ ಮಾಡಿ, ಚೆಂದದ ಕುಂಡಕ್ಕೆ ಬದಲಾಯಿಸಿ, ಫೋಟೋ ತೆಗೆದು ಫೋನಿನಲ್ಲಿ ಹಾಕಿದರೆ ಇಂದಿರಾನಗರದ ಅಪಾರ್ಟ್‌ಮೆಂಟಿನವರು ಕೊಳ್ಳುತ್ತಿದ್ದರು. ಗಂಡ ಸೂರ್ಯ ಕೃಷ್ಣರಾಜಪುರದಲ್ಲಿ ಟೈಲ್ಸ್ ಅಂಗಡಿಯ ನೌಕರ. ಮನೆಯ ದಿನಸಿಯ ಭಾರ ಎಷ್ಟೋ ತಿಂಗಳು ಆ ಕುಂಡಗಳೇ ಹೊತ್ತಿದ್ದವು.

"ನಿನ್ನ ಆ ಪಟ್ಟೆ ಎಲೆ ಗಿಡಾನೇ ತಿಂದೈತೆ ಅದು," ಅಂದಳು ಗೋವಿಂದಮ್ಮ. "ನಾನು ಆವತ್ತೇ ಹೇಳ್ದೆ. ತಿನ್ನಕ್ಕಾಗಲ್ಲ, ಮುಡಿಯಕ್ಕಾಗಲ್ಲ, ಅಂಥ ಗಿಡ ಯಾಕ್ ಬೇಕು ಅಂತ."

"ಅತ್ತೆ, ಅದನ್ನ ಸ್ಟ್ಯಾಂಡ್ ಮೇಲಿಟ್ಟಿದೀನಿ. ಬೋಂಡನಿಗೆ ಎಟಕೋದೇ ಇಲ್ಲ. ಗೇಟ್ ಹತ್ರ ನಿಮ್ಮ ಕಣಗಿಲೆ ನೆಲಕ್ಕೆ ಬಗ್ಗಿದೆ ನೋಡಿ. ಅದ್ರ ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಹೃದಯಾನೇ ನಿಲ್ಸಿಬಿಡುತ್ತಂತೆ."

"ನಮ್ಮತ್ತೆ ನೆಟ್ಟ ಗಿಡ ಕಣೇ ಅದು! ದಿನಾ ಮುನೇಶ್ವರನಿಗೆ ಇಡೋ ಹೂವು. ದೇವ್ರಿಗೆ ಇಡೋದನ್ನ ವಿಷ ಅಂತೀಯಲ್ಲ!"

"ದೇವ್ರು ತಿನ್ನಲ್ಲ ಅತ್ತೆ. ಬೋಂಡ ತಿಂತಾನೆ."

ಅಯ್ಯೋ, ಆ ಮಾತು ಬಂದದ್ದೇ ತಡ! ಬೆಳಗಿನ ಚಿತ್ರಾನ್ನ ಒಲೆಯ ಮೇಲೇ ತಳ ಹಿಡಿಯಿತು. ಗೋವಿಂದಮ್ಮ ತನ್ನ ಅತ್ತೆಯ ಗುಣಗಾನ ಮಾಡಿದಳು, ಪೂಜಿತಾ ಫೋನಿನಲ್ಲಿ ಕಣಗಿಲೆಯ ಚರಿತ್ರೆ ಓದಿ ಹೇಳಿದಳು. ಸೂರ್ಯ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ.

"ಇಬ್ರೂ ಹೇಳ್ತಿರೋದು ನಿಜಾನೇ," ಅಂದ. "ಎರಡೂ ನಾಯಿಗೆ ಆಗ್ಬರಲ್ಲ. ಕುಂಡ ಎಲ್ಲಾ ತಾರಸಿಗೆ ಹೋಗ್ಲಿ, ಕಣಗಿಲೆ ಕಡಿದ್ಬಿಡೋಣ. ಅಪ್ಪ, ನೀವೇನಂತೀರಾ?"

ಮುನಿರಾಜಪ್ಪ ಏನೆಂದಾನು? "ಆಗ್ಲಿ" ಅಂದ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ತಾನೇ ಕಣಗಿಲೆ ಕಡಿದ. ಗೋವಿಂದಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಪೂಜಿತಾ ಒಂದೊಂದೇ ಕುಂಡ ಹೊತ್ತು ಮೆಟ್ಟಿಲು ಹತ್ತಿದಳು. ನೆರಳಿನ ಗಿಡಗಳು, ಮೇಲೆ ಬೋಳು ತಾರಸಿ, ಮಾಘದ ನೆತ್ತಿಬಿಸಿಲು. ಇಬ್ಬರೂ ತಾವೇ ಸೋತೆವು ಅಂದುಕೊಂಡು ಮಾತು ಬಿಟ್ಟರು.

ಮರುದಿನ ಬೆಳಿಗ್ಗೆ ಹಿತ್ತಲಿನ ಕಟ್ಟೆಯಲ್ಲಿ ಬೋಂಡ ಎಂದಿನಂತೆ ಹಾರಿ ಬರಲಿಲ್ಲ, ನಡೆದು ಬಂತು. ಮುನಿರಾಜಪ್ಪ ಅದನ್ನು ಪಕ್ಕಕ್ಕೆ ಎಳೆದುಕೊಂಡ.

"ತಿನ್ನು ಮಗಾ, ತುಪ್ಪ ಐತೆ, ಬಲ ಬರುತ್ತೆ," ಅಂತ ಒಂದೊಂದೇ ಎಸಳನ್ನು ಬಾಯಿಗಿಟ್ಟು ತಿನ್ನಿಸಿದ.

ಗಿಡಗಳು ಹೋದವು, ರೋಗ ಹೋಗಲಿಲ್ಲ. ಬೀದಿಯ ತುದಿಯ ಟೀ ಅಂಗಡಿಯವರೆಗೂ ಮುನಿರಾಜಪ್ಪನನ್ನು ಎಳೆದುಕೊಂಡು ಹೋಗುತ್ತಿದ್ದ ನಾಯಿ, ಈಗ ಗೇಟು ದಾಟಿದರೆ ಏದುಸಿರು ಬಿಟ್ಟು ಕೂತುಬಿಡುತ್ತಿತ್ತು. ಅವನೇ ಎತ್ತಿಕೊಂಡು ವಾಪಸು ಬರಬೇಕು. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಇನ್ನೂ ಯಾವುದೋ ಕುಂಡ ಕೆಳಗೆ ಉಳಿದಿದೆ ಎಂದು ಗೋವಿಂದಮ್ಮ ಹುಡುಕಿದಳು, ಕಣಗಿಲೆಯ ಬುಡ ಮತ್ತೆ ಚಿಗುರಿದೆ ಎಂದು ಪೂಜಿತಾ ತೋರಿಸಿದಳು.

ಅವರೇಕಾಳು ಸಾರು, ಮುದ್ದೆಯ ಊಟ ಒಂದು ರಾತ್ರಿ. ಗೋವಿಂದಮ್ಮ ಸೌಟು ಹಿಡಿದೇ ಹೇಳಿದಳು.

"ಹೊಸಕೋಟೆಲಿ ನಮ್ಮಣ್ಣನ ಮಗನ ತೋಟಕ್ಕೆ ಬಿಟ್ಬಿಡೋಣ ಅದನ್ನ. ಗಾಳಿ ಬೆಳಕು ಐತೆ. ಇಲ್ಲಿ ದಿನಾ ಇದೇ ರಗಳೆ ಆಗೋಯ್ತು."

"ಈ ಸ್ಥಿತೀಲಿ ಬಿಟ್ರೆ ಅಲ್ಲಿ ಸಾಯ್ತಾನೆ ಅತ್ತೆ."

"ಇಲ್ಲಿ ನಿನ್ನ ಗಿಡ ತಿಂದು ಸಾಯೋದ್ಕಿಂತ..."

ಪೂಜಿತಾ ತಟ್ಟೆ ಸರಿಸಿ ಎದ್ದಳು. "ಅವ್ನು ಹೋದ್ರೆ ನಾನೂ ಹೋಗ್ತೀನಿ. ಹಲಸೂರಲ್ಲಿ ನಮ್ಮಮ್ಮನ ಬೀದೀಲೇ ಒಂದು ಮನೆ ಖಾಲಿ ಇದೆ. ಗಿಡಕ್ಕೂ ನೆರಳಿದೆ, ನಾಯಿಗೂ ಜಾಗ ಇದೆ. ಇವ್ರೂ ನೋಡ್ಕೊಂಡು ಬಂದಿದಾರೆ."

ಗೋವಿಂದಮ್ಮ ಮಗನ ಮುಖ ನೋಡಿದಳು. ಸೂರ್ಯ ಮುದ್ದೆ ಮುರಿಯುತ್ತ ತಲೆ ಎತ್ತಲಿಲ್ಲ.

"ಹೌದಾ? ನೋಡ್ಕೊಂಡೂ ಬಂದ್ಯಾ?"

"ಸುಮ್ನೆ ನೋಡ್ದೆ ಕಣಮ್ಮ. ದಿನಾ ಈ ಜಗಳ ನನ್ ಕೈಲಾಗ್ತಿಲ್ಲ."

ಮುನಿರಾಜಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ಇರುವವನೊಬ್ಬ ಮಗ, ಮಗಳಂಥ ಸೊಸೆ, ನೆಲ ಬಿಟ್ಟೇಳದ ನಾಯಿ. ಒಂದು ಹಿಡಿ ಎಲೆಯ ಸಲುವಾಗಿ ಎಲ್ಲ ಕೈಬಿಟ್ಟು ಹೋಗುತ್ತದಲ್ಲ ಎಂದು ಅವನಿಗೆ ಅಳು ಬಂತು.

ಬೆಳಿಗ್ಗೆ ಅವನೇ ಬೋಂಡನನ್ನು ಹಳೇ ಶಾಲಿನಲ್ಲಿ ಸುತ್ತಿಕೊಂಡು, "ನಡಿ ಪೂಜಮ್ಮ, ದೊಡ್ಡ ಡಾಕ್ಟ್ರ ಹತ್ರ ಹೋಗೋಣ," ಅಂದ. ಆಟೋ ಹಿಡಿದು ಫ್ರೇಜರ್ ಟೌನಿನ ಪಶುವೈದ್ಯೆ ಅರೀಬಾ ಮೇಡಂ ಹತ್ತಿರ ಹೋದರು.

ಅರೀಬಾ ಮೇಡಂ ಬೋಂಡನ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದ ಹಾಗೆ ಬಿಳಿಚಿತ್ತು. ರಕ್ತ ತೆಗೆದರು, ಒಳಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು.

"ಕೆಂಪು ರಕ್ತಕಣ ಎಲ್ಲಾ ಒಡೆದು ಹೋಗ್ತಿವೆ. ಉಣ್ಣೆ ಕಚ್ಚಿ ಬರೋ ಜ್ವರ ಅಲ್ಲ, ಅದನ್ನ ನೋಡ್ದೆ. ಗಿಡ ತಿಂದಿದ್ರೆ ಹಿಂಗೆ ವಾರಗಟ್ಟಲೆ ಇಷ್ಟಿಷ್ಟೇ ಇಳಿಯಲ್ಲ. ಮನೇಲಿ ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ಕೊಡ್ತೀರಾ ಇವನಿಗೆ?"

"ಇಲ್ಲಾ ಮೇಡಂ," ಅಂದಳು ಪೂಜಿತಾ. "ನಮ್ಮತ್ತೆ ಇವನಿಗೆ ಬೇರೆ ಪಾತ್ರೇಲೇ ಅನ್ನ, ಕೋಳಿ ಬೇಯಿಸ್ತಾರೆ. ಮಸಾಲೆ ಇರ್ಲಿ, ಉಪ್ಪು ಕೂಡ ಹಾಕಲ್ಲ."

"ಖಂಡಿತಾ ಇಲ್ವಾ? ಹಂಗಾದ್ರೆ ಇವನ ಮೈಯೇ ಇವನ ರಕ್ತಾನ ನಾಶ ಮಾಡ್ತಿದೆ ಅನ್ಕೋಬೇಕು. ಅದಕ್ಕೆ ಕೊಡೋ ಔಷಧಿ ತುಂಬಾ ಜೋರು. ಇವನು ತಡ್ಕೋತಾನೋ ಇಲ್ವೋ ಹೇಳಕ್ಕಾಗಲ್ಲ. ಆದ್ರೂ ಇವತ್ತೇ ಶುರು ಮಾಡ್ಬೇಕು."

ಮೇಜಿನ ಮೇಲೆ ಮಲಗಿದ್ದ ಬೋಂಡ ಕತ್ತು ಎತ್ತಲಾಗದೆ ಕಣ್ಣಷ್ಟೇ ತಿರುಗಿಸಿ ಮುನಿರಾಜಪ್ಪನನ್ನು ನೋಡಿತು. ಮೇಡಂ ಔಷಧಿ ಚೀಟಿಗೆ ಪೆನ್ನು ತೆಗೆದರು.

"ಮೇಡಂ, ಒಂದ್ನಿಮಿಷ," ಅಂದ ಅವನು. "ನಾನು ಕೊಡ್ತೀನಿ."

"ಏನು ಅಂಕಲ್?"

"ಬೆಳ್ಳುಳ್ಳಿ. ತುಪ್ಪದಲ್ಲಿ ಹುರಿದಿದ್ದು. ದಿನಾ ಬೆಳಿಗ್ಗೆ ಎರಡು."

"ಎರಡು ಎಸಳಾ?"

"ಅಲ್ಲ ಮೇಡಂ. ಎರಡು ಗಡ್ಡೆ."

ಅರೀಬಾ ಮೇಡಂ ಪೆನ್ನು ಕೆಳಗಿಟ್ಟರು. ಪೂಜಿತಾ ಮಾವನ ಕಡೆ ತಿರುಗಿದವಳು ತೆರೆದ ಬಾಯಿ ಮುಚ್ಚಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ, ದಸರೆಯಿಂದ ಹಿಡಿದು. ನಡುವೆ ಬೋಂಡನ ಶಾಲಿನ ತುದಿಯಿಂದಲೇ ಕಣ್ಣೊರೆಸಿಕೊಂಡ.

"ನನ್ ಕೈಯಾರೆ ವಿಷ ತಿನ್ನಿಸ್ದಂಗಾಯ್ತಲ್ಲ ಮೇಡಂ. ಬಲ ಬರ್ಲಿ ಅಂತ ಕೊಟ್ಟೆ."

"ನಿಮಗೆ ಗೊತ್ತಿರ್ಲಿಲ್ಲ ಅಂಕಲ್, ಅಳ್ಬೇಡಿ. ಮನುಷ್ಯರು ತಿನ್ನೋದೆಲ್ಲ ನಾಯಿಗೂ ಆಗುತ್ತೆ ಅಂತ ಎಲ್ರೂ ಅನ್ಕೊಳ್ತಾರೆ. ಈಗ ಹೇಳಿದ್ರಲ್ಲ, ಅದೇ ಇವನ ಪುಣ್ಯ. ಆ ಜೋರು ಔಷಧಿ ಬೇಡವೇ ಬೇಡ. ಬೆಳ್ಳುಳ್ಳಿ ನಿಲ್ಸಿ, ಗ್ಲುಕೋಸ್ ಹಾಕಿ, ರಕ್ತಕ್ಕೆ ಟಾನಿಕ್ ಕೊಡೋಣ. ಎರಡು ದಿನ ಇಲ್ಲೇ ಇರ್ಲಿ. ಹೊಸ ರಕ್ತ ಬರುತ್ತೆ."

ವಾಪಸು ಬರುವಾಗ ಬಾಣಸವಾಡಿ ದಾಟಿದ ಮೇಲೆ ಪೂಜಿತಾ ಮಾವನ ಕಡೆ ತಿರುಗಿದಳು. ಒಮ್ಮೆಲೇ ಅಂದಳು.

"ಮಾವ, ನನ್ ಡಂಬ್‌ಕೇನೆಲ್ಲಾ ಸುಟ್ಟು ಹೋಯ್ತು. ಆ ಕಣಗಿಲೆ ಬೇರೆ ಕಡಿಸ್ಬಿಟ್ಟೆ ನಾನು."

"ತಪ್ಪಾಯ್ತು ಕಣಮ್ಮ."

"ಅತ್ತೆಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ಬೇಗ ಹೇಳಿ. ಅವ್ರು ನನ್ನನ್ನ ಅಂದಿದ್ದೆಲ್ಲ ನುಂಗ್ಕೊಂಡು ಎಷ್ಟು ದಿನ ಇರ್ಲಿ?"

ಬೇಗ ಹೇಳುತ್ತೇನೆ ಅಂದ. ಅನ್ನುವುದು ಸುಲಭ. ಮನೆಯಲ್ಲಿ ನಾಯಿಗೆ ರಕ್ತ ಕಮ್ಮಿಯಾಗಿದೆಯಂತೆ ಎಂದಷ್ಟೇ ಹೇಳಿದ. ಮರುದಿನ ಬೆಳಿಗ್ಗೆ ಬಟ್ಟಲು ಬಂತು. ಹಿತ್ತಲಿನ ಕಟ್ಟೆಯಲ್ಲಿ ಅವನೊಬ್ಬನೇ. ಎಸೆಯೋಣವೆಂದರೆ ಬೀದಿನಾಯಿಗಳಿವೆ, ಅವೂ ನಾಯಿಗಳಲ್ಲವೇ? ಮೂಗು ಹಿಡಿದು ಒಂದೊಂದೇ ನುಂಗಿದ. ಕಣ್ಣಲ್ಲಿ ನೀರು ಧಾರಾಕಾರ. ಅಷ್ಟು ತಿಂಗಳಲ್ಲಿ ಅವನು ನಿಜವಾಗಿ ಬೆಳ್ಳುಳ್ಳಿ ತಿಂದದ್ದು ಅಂದೇ ಮೊದಲು, ಆಮೇಲೆ ದಿನವೂ ತಪ್ಪಲಿಲ್ಲ.

"ಯಾಕ್ರೀ, ಇವತ್ತು ನಿಮ್ಮ ಹತ್ರ ಬಂದ್ರೆ ಇಷ್ಟು ವಾಸ್ನೆ?" ಅಂದಳು ಗೋವಿಂದಮ್ಮ.

"ಇವತ್ತಿನ ಬೆಳ್ಳುಳ್ಳಿ ಖಾರ ಇತ್ತು," ಅಂದು ತೇಗಿದ.

ಬೋಂಡ ಮನೆಗೆ ಬಂತು. ಮೊದಲು ನೀರು ಕುಡಿಯಿತು, ಆಮೇಲೆ ಮೊಸರನ್ನ ನೆಕ್ಕಿತು, ವಾರ ಕಳೆಯುವಷ್ಟರಲ್ಲಿ ಗೇಟಿನವರೆಗೆ ಓಡಿ ಕೊರಿಯರ್‌ನವನ ಮೇಲೆ ಬೊಗಳಿತು. ಆ ಬೊಗಳು ಕೇಳಿ ಮುನಿರಾಜಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಒಸಡಿಗೆ ಬಣ್ಣ ಬಂದಿದೆಯೇ ಎಂದು ದಿನಕ್ಕೆ ಎಷ್ಟೋ ಸಲ ಅದರ ತುಟಿ ಎತ್ತಿ ನೋಡುವವನು. ಅದು ಬೇಸತ್ತು ಮುಖ ತಿರುಗಿಸುತ್ತಿತ್ತು.

ಆದರೆ ಮನೆಯ ಮಾತು ಹಾಗೇ ಇತ್ತು. ಹಲಸೂರಿನ ಮನೆಗೆ ಶಿವರಾತ್ರಿ ಕಳೆದ ಮೇಲೆ ಅಡ್ವಾನ್ಸ್ ಕೊಡುವುದೆಂದು ಸೂರ್ಯ ಒಪ್ಪಿಕೊಂಡಿದ್ದ. ಗೋವಿಂದಮ್ಮನಂತೂ ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು. "ಗಿಡ ಮೇಲಕ್ಕೆ ಹೋದ್ಮೇಲೆ ನೋಡ್ರಿ, ನಾಯಿ ಹುಷಾರಾಯ್ತು. ನಾನು ಹೇಳಿದ್ರೆ ಯಾರು ಕೇಳ್ತಾರೆ?" ಪೂಜಿತಾ ಬಕೆಟ್ಟು ಹಿಡಿದು ತಾರಸಿಗೆ ಹೋಗುತ್ತ ಮಾವನ ಮುಖ ನೋಡುವಳು. ಅವನು ಪೇಪರು ಎತ್ತಿ ಹಿಡಿಯುವನು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಹೆಂಡತಿಯ ಮುಖದ ಆ ಕಳೆಯನ್ನು ತಾನೇ ಆರಿಸಬೇಕಲ್ಲ ಅಂತ ಸಂಕಟ, ಗೋಡೆಯ ನೆನಪೂ ಇತ್ತೆನ್ನಿ.

ಭಾನುವಾರ ಬೆಳಿಗ್ಗೆ ಎಲ್ಲರೂ ವರಾಂಡದಲ್ಲಿದ್ದರು. ಬದ್ರುನ್ನೀಸಾ ಒಂದು ಡಬ್ಬಿಯಲ್ಲಿ ಶಾವಿಗೆ ಪಾಯಸದಂಥ ಶೀರ್‌ಖುರ್ಮಾ ತಂದಳು.

"ತಗೊಳ್ಳಿ ಗೋವಿಂದಮ್ಮಾ, ನಿಮಗೇಂತ ಮಾಡ್ದೆ. ನಿಮ್ ಬೆಳ್ಳುಳ್ಳಿ ಮೇಲೆ ನಂಗೆ ಪೂರಾ ನಂಬ್ಕೆ. ನಮ್ ಸಾಬಿಗೆ ಮಾತ್ರೆ ಎಲ್ಲಾ ಬಂದ್ ಮಾಡ್ಬಿಟ್ಟೆ. ಬೀರೂನಲ್ಲಿಟ್ಟು ಬೀಗ ಹಾಕಿದೀನಿ."

"ಒಳ್ಳೇದು ಮಾಡಿದ್ರಿ. ಇವ್ರದ್ದೂ ಬರೋ ತಿಂಗಳಿಂದ ನಿಲ್ಲಿಸ್ತೀನಿ. ಮಾತ್ರೆ ಇಲ್ದೇನೇ..."

"ಬದ್ರುನ್ನೀಸಾಬಿ!" ಮುನಿರಾಜಪ್ಪ ಕೂತಲ್ಲಿಂದ ಎದ್ದುಬಿಟ್ಟಿದ್ದ. "ಮನೆಗೆ ಹೋಗಿ ಬೀಗ ತೆಗೀರಿ ಮೊದ್ಲು. ಶೌಕತ್ ಸಾಹೇಬ್ರಿಗೆ ಮಾತ್ರೆ ಕೊಡಿ."

"ಯಾಕ್ರೀ, ಏನಾಯ್ತು?" ಗೋವಿಂದಮ್ಮ ಹುಬ್ಬು ಗಂಟಿಕ್ಕಿದಳು.

"ನಂಗೆ ವಾಸಿಯಾಗಿದ್ದು ಮಾತ್ರೆಯಿಂದ ಕಣೇ. ಬೆಳ್ಳುಳ್ಳಿ ನಾನು ತಿಂತಾನೇ ಇರ್ಲಿಲ್ಲ. ಬೋಂಡ ಆಸ್ಪತ್ರೆ ಸೇರೋವರ್ಗೂ ಒಂದು ದಿನಾನೂ ತಿಂದಿಲ್ಲ. ಮೊದಲ್ನೇ ದಿನದಿಂದ ಬೋಂಡನಿಗೇ ಹಾಕ್ತಿದ್ದೆ. ಅವ್ನು ಸಾಯಕ್ಕೆ ಬಿದ್ದಿದ್ದು ಅದರಿಂದ್ಲೇ. ನಾಯಿಗೆ ಬೆಳ್ಳುಳ್ಳಿ ವಿಷ ಅಂತೆ, ಡಾಕ್ಟ್ರು ಹೇಳಿದ್ರು. ಪೂಜಿತಾದೂ ತಪ್ಪಿಲ್ಲ, ನಿನ್ ಕಣಗಿಲೆದೂ ತಪ್ಪಿಲ್ಲ. ತಪ್ಪೆಲ್ಲ ನಂದು."

"ಯಾ ಅಲ್ಲಾ!" ಎಂದವಳೇ ಬದ್ರುನ್ನೀಸಾ ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ ಓಡಿದಳು.

ಗೋವಿಂದಮ್ಮ ಗಂಡನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಆಸ್ಪತ್ರೆಗೆ ಹೋದ ದಿನ ಗೊತ್ತಾಯ್ತು ಅತ್ತೆ."

"ಅಷ್ಟು ದಿನದಿಂದ ನಾನು ಬಾಯಿಗೆ ಬಂದಂಗೆ ಅಂತಿದ್ರೂ ಸುಮ್ನಿದ್ಯಾ?"

"ಮಾವನೇ ಹೇಳ್ಲಿ ಅಂತ."

ಗೋವಿಂದಮ್ಮ ಸೀದಾ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ. ಮುನಿರಾಜಪ್ಪ ಗೋಡೆಯ ಜೊತೆಗಿನ ಸಂಸಾರಕ್ಕೆ ತಯಾರಾಗಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕುಂಡಗಳನ್ನು ಎದೆಗವಚಿಕೊಂಡು ಅವಳು ತಾರಸಿಯಿಂದ ಇಳಿಯುತ್ತಿದ್ದಾಳೆ.

"ಅಯ್ಯೋ ಬಿಡಿ ಅತ್ತೆ, ಭಾರ ಇದೆ!" ಪೂಜಿತಾ ಓಡಿ ಹಿಡಿದುಕೊಂಡಳು.

"ಈ ಸುಟ್ಟ ಎಲೆ ಕತ್ತರಿಸಿದ್ರೆ ಮತ್ತೆ ಬರುತ್ತೇನೇ?"

"ಬರುತ್ತೆ ಅತ್ತೆ. ಬೇರು ಚೆನ್ನಾಗಿದೆ."

"ಬೋಂಡಂಗೆ ಎಟಕದಂಗೆ ಇನ್ನೂ ಎತ್ತರಕ್ಕಿಡು. ಕಣಗಿಲೆ ಹೋಗಿದ್ದು ಹೋಯ್ತು. ಅಲ್ಲೊಂದು ದಾಸವಾಳ ಹಾಕಿಕೊಡು, ದೇವ್ರಿಗಾಗುತ್ತೆ."

ಸೂರ್ಯ ಉಳಿದ ಕುಂಡ ಇಳಿಸಲು ಹೋದ. ದಾರಿಯಲ್ಲಿ ಪೂಜಿತಾ ಅವನಿಗೆ ಮೆಲ್ಲಗೆ ಹೇಳಿದ್ದು ಮುನಿರಾಜಪ್ಪನಿಗೆ ಕೇಳಿಸಿತು. "ಹಲಸೂರು ಮನೆಯವ್ರಿಗೆ ಬೇಡ ಅಂತ ಫೋನ್ ಮಾಡ್ಬಿಡಿ."

ಮಧ್ಯಾಹ್ನ ಮುದ್ದೆ, ಉಪ್ಸಾರು. ಎಲ್ಲರಿಗೂ ಬಡಿಸಿ ಆಮೇಲೆ ತಾನು ಉಣ್ಣುವವಳು ಅಂದು ತನ್ನ ತಟ್ಟೆಯನ್ನೂ ತಂದುಕೊಂಡು ಗಂಡನ ಎದುರಿಗೇ ಕೂತಳು. ಕಣ್ಣು ಕೆಂಪಾಗಿದ್ದವು.

"ನಮ್ಮಣ್ಣ ಹೋದಂಗೆ ನೀವೂ ಹೋಗ್ಬಿಟ್ರೆ ಅಂತ ನಂಗೆ ಭಯ ಆಗಿತ್ತು ಕಣ್ರೀ," ಅಂದಳು. "ದಿನಾ ಎದ್ದು ಅದನ್ನ ಸುಡೋವಾಗ, ಇವತ್ತೊಂದು ದಿನ ಉಳ್ಕೊಂಡ್ರು ಅಂತ ಸಮಾಧಾನ ಆಗೋದು. ತಿನ್ನಕ್ಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇನು ಹುಲಿನಾ, ಹಿಡಿದು ತಿಂತಿದ್ನಾ?"

ಮುನಿರಾಜಪ್ಪ ಕೈಯಲ್ಲಿ ತುತ್ತು ಹಿಡಿದೇ ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಭಯ ಎಂಬ ಮಾತು ಕೇಳಿದ್ದು ಇದೇ ಮೊದಲು.

"ಮಾತ್ರೆ ತಪ್ಪಿಸಲ್ಲ ಕಣೇ. ನಡಿಗೇನೂ ತಪ್ಪಿಸಲ್ಲ. ಬೋಂಡನ ಆಣೆ."

"ಆಯ್ತು. ಇನ್ನೇನೇನು ತಿಂದಿಲ್ಲ ನೀವು? ಇವತ್ತೇ ಹೇಳ್ಬಿಡಿ."

"ಏನಿಲ್ಲ..."

"ಹೇಳ್ರಿ."

"ಹಾಗಲಕಾಯಿ ಗೊಜ್ಜು. ಅದು ಕಾರ್ಖಾನೇಲಿ ನಮ್ಮ ಜೊತೆಗಿದ್ದ ಇನಾಯತ್ ಉಲ್ಲಾಗೆ ಹೋಗ್ತಿತ್ತು. ಅವ್ನಿಗೆ ಬಲು ಇಷ್ಟ."

ಪೂಜಿತಾ ಕೆಮ್ಮಿದಳು. "ಅತ್ತೆ, ಹೇಳೋ ದಿನ ಅಂದ್ರೆ ನಂದೂ ಒಂದಿದೆ. ನೀವು ಕೂದಲಿಗೆ ಅಂತ ಕೊಡೋ ಮೆಂತ್ಯದ ಕಷಾಯ ನಾನು ಸ್ನೇಕ್ ಪ್ಲಾಂಟಿಗೆ ಹಾಕ್ತೀನಿ."

"ಅದಕ್ಕೇ ಅದು ಹಂಗೆ ಕೊಬ್ಬೈತೆ! ನೀನು ಬಾರೋ ಸೂರ್ಯ, ನಿಂದೇನು?"

"ಹುರುಳಿ ಹಿಟ್ಟಿನ ಉಂಡೆ," ಅಂದ ಸೂರ್ಯ ತಟ್ಟೆ ನೋಡುತ್ತ. "ಅಂಗಡಿ ಹುಡುಗ್ರು ಕಿತ್ಕೊಂಡು ತಿಂತಾರಮ್ಮ. ನಾನೇ ಕೊಟ್ಬಿಡ್ತೀನಿ."

ಗೋವಿಂದಮ್ಮ ತುತ್ತು ಕೆಳಗಿಟ್ಟಳು. ಒಬ್ಬೊಬ್ಬರನ್ನೇ ನೋಡಿದಳು. ಬಾಗಿಲ ಹತ್ತಿರ ತನ್ನ ಬೇರೆ ಪಾತ್ರೆಯ ಸಪ್ಪೆ ಅನ್ನವನ್ನು ತಳ ಕಾಣುವ ಹಾಗೆ ನೆಕ್ಕುತ್ತಿದ್ದ ಬೋಂಡನನ್ನು ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಂದ್ರೆ ಇಷ್ಟು ವರ್ಷ ಈ ಮನೇಲಿ ನಾನು ಕೊಟ್ಟಿದ್ದನ್ನ ನಿಯತ್ತಾಗಿ ತಿಂದೋನು ಬೋಂಡ ಒಬ್ನೇ. ಅವ್ನೂ ಸಾಯಕ್ಕೆ ಬಿದ್ದ!"